ಬೀಗರ ಅಣ್ಣನನ್ನು ಕೂರಿಸಿದ್ದು

ಮೊಮ್ಮಗಳು ಮನೆಗೆ ಬಂದಳು. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಐದು ತಿಂಗಳ ಕೂಸು. ಕುತ್ತಿಗೆ ನಿಂತಿದೆ, ಎತ್ತಿಕೊಂಡರೆ ಸುತ್ತಮುತ್ತ ನೋಡುತ್ತಾಳೆ, ಮೀಸೆ ಕೈಗೆ ಸಿಕ್ಕರೆ ಬಿಡುವುದಿಲ್ಲ. ನಿನ್ನೆಯಿಂದ ನನ್ನ ತುಟಿಯ ಮೇಲೆ ಉರಿ. ಆ ಉರಿಯೂ ನನಗೆ ಹಿತವಾಗಿದೆ. ಕೊಟ್ಟೂರಿಗೆ ಹೋಗಿ ಸಕ್ಕರೆ ತಂದು ಓಣಿಗೆಲ್ಲ ಹಂಚಿದೆ. ಕೇಳಿದವರಿಗೆ ಹೇಳಿದೆ, ಕೇಳದೆ ಹೋಗುತ್ತಿದ್ದವರನ್ನು ನಿಲ್ಲಿಸಿಕೊಂಡೂ ಹೇಳಿದೆ. ಹಾಲು ಹಾಕುವವನು, "ಯಜ್ಜಾ, ಮುಂಜಾನೆನೂ ಹೇಳೀಯಲ್ಲ" ಅಂದ. ಹೇಳಿದ್ದರೆ ಹೇಳಿದ್ದೇನೆ. ಇನ್ನೊಂದು ಸಲ ಕೇಳಿದರೆ ಅವನ ಹಾಲೇನೂ ಒಡೆಯುವುದಿಲ್ಲ.

ಹುಟ್ಟಿದ ಕೂಸು ತಾಯಿಯ ತವರಿನಿಂದ ಮನೆಗೆ ಬರುವುದು ಎಲ್ಲರ ಮನೆಯಲ್ಲೂ ನಡೆಯುವುದೇ. ನಮ್ಮ ಮನೆಗೆ ಬರುತ್ತಾಳೋ ಇಲ್ಲವೋ ಎಂಬುದು ಮಾತ್ರ ನಿನ್ನೆ ಮಧ್ಯಾಹ್ನದವರೆಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಕೆಲಸ.

ನಾನು ಸತ್ತವರನ್ನು ಕೂರಿಸುವವನು. ನಮ್ಮ ಕಡೆ ಲಿಂಗ ಕಟ್ಟುವ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ ಚಕ್ಕಂಬಕ್ಕಳ ಹಾಕಿಸಿ ಗೋಡೆಗೆ ಆನಿಸಬೇಕು. ಗೋಡೆಗೊಂದು ಗೂಟ ಹೊಡೆದು, ಎದೆಗೆ ಬಟ್ಟೆ ಬಳಸಿ ಕಟ್ಟಬೇಕು, ತಲೆ ಜೋಲದಂತೆ ಗದ್ದಕ್ಕೊಂದು ಪಟ್ಟಿ ಕಟ್ಟಬೇಕು. ಹೂಳುವ ಕುಣಿಯಲ್ಲೂ ಹಾಗೆಯೇ. ಕೆಳಗೆ ಒಂದು ಮಗ್ಗುಲಿನ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರೆ ಉಪ್ಪು ತುಂಬಿ ಮಣ್ಣು ಕೊಡುತ್ತೇವೆ. ಹೇಳುವುದಕ್ಕೆ ಸುಲಭ. ಗದ್ದ ಮೊದಲು ಬಿಗಿಯುತ್ತದೆ, ಆಮೇಲೆ ಕುತ್ತಿಗೆ, ತೋಳು, ಕೊನೆಗೆ ಕಾಲು. ಬೇಸಿಗೆಯಲ್ಲಿ ಇನ್ನೂ ಬೇಗ. ತಡವಾದರೆ ಆ ಮೈಯನ್ನು ಕೂರಿಸುವುದು ಮನೆಯವರಿಂದ ಆಗುವುದಿಲ್ಲ. ಅಂಥ ಹೊತ್ತಿಗೆ ಕೂಡ್ಲಿಗಿ, ಹಡಗಲಿ ಕಡೆಯಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಬರುವಾಗ ಓಡಿ ಬರುತ್ತಾರೆ. ಕೆಲಸ ಮುಗಿದ ಮೇಲೆ ನಾನು ನಡೆದು ಬರುತ್ತೇನೆ. ನಮ್ಮವರಲ್ಲಿ ಸೂತಕ ಇಲ್ಲ ಎಂದು ಬಾಯಲ್ಲಿ ಹೇಳುತ್ತೇವೆ, ಆದರೂ ಮದುವೆ ಮನೆಯಲ್ಲಿ ನಾನು ಹೋಗಿ ನಿಂತರೆ ಪಕ್ಕದವರು ಒಂದಿಷ್ಟು ಸರಿಯುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಮಗನ ಮದುವೆಯಲ್ಲೂ ನಾನು ಹಂದರದ ಆಚೆ ತುದಿಯಲ್ಲಿ ನೀರಿನ ಡ್ರಮ್ಮಿನ ಹತ್ತಿರ ನಿಂತೇ ಅಕ್ಷತೆ ಹಾಕಿದೆ. ಬೀಗರು, ಅಂದರೆ ಸೊಸೆಯ ತಂದೆ, ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆಯವರು. ಒಳ್ಳೆಯ ಮನುಷ್ಯ. ಆದರೆ ನಮ್ಮ ಮನೆಗೆ ಬಂದಾಗಲೆಲ್ಲ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದರು, ಚಹ ಕುಡಿದು ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದರು. ಕೂಸು ಹುಟ್ಟಿದ ಮೇಲೆ ಮಗನ ಕೈಯಲ್ಲಿ ಹೇಳಿ ಕಳಿಸಿದರು: ಹೆಣದ ಕೆಲಸ ಬಿಟ್ಟರೆ ಮಗಳನ್ನೂ ಕೂಸನ್ನೂ ಕಳಿಸುತ್ತೇವೆ, ಇಲ್ಲದಿದ್ದರೆ ನಿಮ್ಮ ಮಗನೇ ಬಂದು ಇಲ್ಲಿರಲಿ. ಟ್ರ್ಯಾಕ್ಟರ್ ಎಲ್ಲಿ ಹೊಡೆದರೂ ಟ್ರ್ಯಾಕ್ಟರೇ ತಾನೆ.

ಬಿಡುತ್ತೇನೆ ಅಂದೆ. ನನಗೂ ಸಾಕಾಗಿತ್ತು. ಕುಣಿಯಿಂದ ಮೇಲೆ ಹತ್ತಲು ಈಗ ಇನ್ನೊಬ್ಬರ ಕೈ ಬೇಕು, ಮೂಗಿನಿಂದ ಮಣ್ಣಿನ ವಾಸನೆ ಹೋಗುವುದಿಲ್ಲ. ಆಮೇಲೆ ಬಂದ ಒಂದು ಕರೆಗೆ ಹೋಗಲಿಲ್ಲ. ಅವತ್ತು ಊಟ ಸೇರಲಿಲ್ಲ, ಆದರೂ ಹೋಗಲಿಲ್ಲ.

ಅದಾಗಿ ಕೆಲವೇ ದಿನಕ್ಕೆ ಕೊಟ್ಟೂರಿನ ಫೋನ್ ಅಂಗಡಿಯಿಂದ ಒಬ್ಬ ಸೈಕಲ್ ಮೇಲೆ ಬಂದ. ಅರಸೀಕೆರೆ ಕಡೆಯಿಂದ ಫೋನು, ಬೀಗರ ಅಣ್ಣ ತೀರಿಕೊಂಡಿದ್ದಾರೆ, ಬೇಗ ಬರಬೇಕಂತೆ ಅಂದ. ಮಣ್ಣಿಗೆ ನೆಂಟನಾಗಿ ಬರಬೇಕೋ, ಕೂರಿಸುವುದಕ್ಕೆ ಬರಬೇಕೋ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಒಂದು ಜೊತೆ ಹಳೆಯ ಧೋತರ, ನನ್ನ ಚಿಕ್ಕ ಹಾರೆ ಚೀಲಕ್ಕೆ ಹಾಕಿಕೊಂಡೆ. ಹೆಂಡತಿ ಹಾರೆ ನೋಡಿ ಒಳಗೆ ಹೋದಳು. ಮಗ ಟ್ರ್ಯಾಕ್ಟರ್ ತಗೊಂಡು ತಂಬ್ರಹಳ್ಳಿ ಕಡೆ ಬಾಡಿಗೆಗೆ ಹೋಗಿದ್ದ. ಒಬ್ಬನೇ ಹೊರಟೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ.

ಬೀಗರ ಅಣ್ಣ ಮದುವೆಯಾಗದವರು. ಮನೆ ಹಿಸ್ಸೆ ಆದ ಮೇಲೆ ಅಣ್ಣತಮ್ಮ ಮಾತು ಬಿಟ್ಟಿದ್ದರು. ಅಣ್ಣ ಹೊಲದಲ್ಲಿ ಪಂಪ್‌ಸೆಟ್ಟಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಬೀಗತಿ ಎರಡು ಹೊತ್ತು ಬುತ್ತಿ ಕಟ್ಟಿ ಬಾಗಿಲಲ್ಲಿಟ್ಟು ಬರುತ್ತಿದ್ದರು. ಅವತ್ತು ಬೆಳಗ್ಗೆ ಹೋದಾಗ ರಾತ್ರಿಯ ಬುತ್ತಿ ಇಟ್ಟಲ್ಲೇ ಇತ್ತು. ಒಳಗೆ ನೋಡಿದರೆ ಜೀವ ಆಗಷ್ಟೇ ಹೋದಂತಿತ್ತು, ಮೈ ಇನ್ನೂ ಬೆಚ್ಚಗಿತ್ತಂತೆ. ಎತ್ತಿಕೊಂಡು ಬಂದು ಮನೆಯ ಪಡಸಾಲೆಯಲ್ಲಿ ಗೂಟ ಹೊಡೆದು ಕೂರಿಸಿದ್ದರು.

ಕೂರಿಸಿದ್ದೇನೋ ನೆಟ್ಟಗಿತ್ತು. ಆದರೆ ಎರಡೂ ಕಾಲು ಮುಂದಕ್ಕೆ ಚಾಚಿದ್ದವು. ಕಟ್ಟೆಯ ಮೇಲೆ ಬಿಸಿಲು ಕಾಯಿಸುವವರ ಹಾಗೆ. ಮುಟ್ಟಿ ನೋಡಿದೆ. ತೊಲೆಯಂತೆ ಬಿಗಿದಿದ್ದವು.

ಕಾಲು ಯಾಕೆ ಮಡಚಲಿಲ್ಲ ಎಂದು ಕೇಳಿದೆ. ಬೀಗತಿ ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದರು, ಬಾವಗೆ ಕಾಲು ನೋವಿತ್ತು, ಯಾವಾಗ ನೋಡಿದರೂ ಚಾಚಿಕೊಂಡೇ ಕೂತಿರುತ್ತಿದ್ದರು, ಮಡಚಿದರೆ ನೋಯುತ್ತದೆಂದು ನಾನೇ ಬೇಡ ಅಂದೆ, ಎಂದು. ಸುತ್ತ ನಿಂತ ಗಂಡಸರಲ್ಲೊಬ್ಬರು, ಸತ್ತವರಿಗೆ ನೋವೇನಮ್ಮ ಎಂದು ಗದರಿದರು. ನಾನು ಗದರಲಿಲ್ಲ. ಇಷ್ಟು ವರ್ಷದಲ್ಲಿ ಆ ಕಾರಣಕ್ಕೆ ತಪ್ಪಾಗಿ ಕೂರಿಸಿದ್ದನ್ನು ನಾನು ಕಂಡಿರಲಿಲ್ಲ.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನೀರು ಕಾಯಿಸಲು ಹೇಳಿದೆ. ಧೋತರ ಹರಿದು ಬಿಸಿನೀರಲ್ಲಿ ಅದ್ದಿ ಹಿಂಡಿ ಸೊಂಟಕ್ಕೆ, ತೊಡೆಯ ಬುಡಕ್ಕೆ, ಮಂಡಿಗೆ ಸುತ್ತಿದೆ. ಆರಿದ ಮೇಲೆ ತೆಗೆದು ಮತ್ತೆ ಸುತ್ತಿದೆ. ಈ ಕೆಲಸದಲ್ಲಿ ಕೈ ಜೋರು ಮಾಡಬಾರದು. ಅಂಗೈಯನ್ನು ಮಂಡಿಯ ಹಿಂದಿಟ್ಟು, ಇನ್ನೊಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಒಂದಿಷ್ಟು ಒತ್ತಿ ಬಿಡಬೇಕು, ಮತ್ತೆ ಒತ್ತಿ ಬಿಡಬೇಕು. ಮೈಯೇ ತಾನಾಗಿ ದಾರಿ ಬಿಡುವವರೆಗೆ. ಸೊಂಟ ಸಡಿಲಾಯಿತು. ಎಡ ಮಂಡಿಯೂ ಬಂತು, ಮೆಲ್ಲಗೆ ಮಡಚಿ ಒಳಗೆ ತಂದೆ. ಬಲ ಮಂಡಿ ಬರಲಿಲ್ಲ. ಎಷ್ಟು ಸಲ ಬಟ್ಟೆ ಸುತ್ತಿದರೂ ಅದು ಅಲುಗಲಿಲ್ಲ. ನನ್ನ ಬೆನ್ನು ಹಿಡಿದುಕೊಂಡಿತು.

ಹೊರಗೆ ಜನ ಸಿಡಿಮಿಡಿ ಮಾಡುತ್ತಿದ್ದರು. ಹೆಣ ಎತ್ತುವವರೆಗೆ ಆ ಓಣಿಯಲ್ಲಿ ಅಡುಗೆಯ ಒಲೆ ಹೊತ್ತಿಸುವುದಿಲ್ಲ. ಮಕ್ಕಳಿಗೆ ಮಂಡಕ್ಕಿ ಕೊಟ್ಟು ಸುಮ್ಮನಿರಿಸಿದ್ದರು, ದೊಡ್ಡವರು ಬೆಳಗ್ಗೆಯಿಂದ ಉಪವಾಸ. ಬೀಗರ ದಾಯಾದಿಯೊಬ್ಬರು ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು, ಒಂದು ಏಟು ಕೊಟ್ಟರೆ ಮಡಚುತ್ತೆ, ಮೇಲೆ ಶಾಲು ಹೊದಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಮಾಡುವವರು ಇದ್ದಾರೆ. ಮೂಳೆ ಮುರಿಯುವ ಆ ಸದ್ದು ಕೇಳಿದವನು ಮರೆಯುವುದಿಲ್ಲ.

ಬೀಗರನ್ನು ಕರೆದು ಕೇಳಿದೆ. "ಈ ಕಾಲು ಬದುಕಿದ್ದಾಗ ಮಡಚ್ತಿತ್ತೇನ್ರಿ?"

ಬೀಗರು ಅಣ್ಣನ ಕಾಲು ನೋಡಿದರು, ಹೆಂಡತಿಯ ಮುಖ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಬೀಗತಿಗೆ ನೋವಿನ ವಿಷಯ ಗೊತ್ತಿತ್ತು, ಅಷ್ಟೇ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಡಹುಟ್ಟಿದವನು ಹೇಗೆ ಕೂರುತ್ತಾನೆ, ಹೇಗೆ ಏಳುತ್ತಾನೆ ಎಂಬುದು ಹೊಲದ ಆ ಕೋಣೆಯಲ್ಲೇ ಉಳಿದುಹೋಗಿತ್ತು.

ಒಳಕೋಣೆಯ ಬಾಗಿಲ ಹಿಂದಿನಿಂದ ಸೊಸೆ ಮಾತಾಡಿದಳು. ಕೂಸಿನ ಜೊತೆ ಅಲ್ಲಿದ್ದಳು, ಹೆಣದ ಮುಂದೆ ಬರಬಾರದೆಂದು ಕೂಡಿಸಿದ್ದರು. "ದೊಡ್ಡಪ್ಪನ ಬಲಗಾಲು ಮಡಚ್ತಿರ್ಲಿಲ್ಲ ಮಾವ. ಬಾವಿ ಮೆಟ್ಲಾಗೆ ಬಿದ್ದಾಗಿಂದ. ಹಾಸಿಗೆಯಿಂದ ಏಳೋಕೆ ಹಗ್ಗ ಕಟ್ಕೊಂಡಿದ್ದ. ಮದುವೆಗೆ ಮುಂಚೆ ನಾನು ಬುತ್ತಿ ಒಯ್ದಾಗ ನೋಡ್ತಿದ್ದೆ."

ಬೀಗರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ನನಗೆ ಅಲ್ಲೇ ನಿರ್ಧಾರವಾಯಿತು. ಬದುಕಿದ್ದಾಗ ಮಡಚದ ಕಾಲನ್ನು ಈಗ ಮಡಚುವುದೆಂದರೆ ಮುರಿಯುವುದೇ. ಮೈಯನ್ನು ಕುಣಿಗೆ ಹೊಂದಿಸಲು ಆಗದಿದ್ದರೆ ಕುಣಿಯನ್ನು ಮೈಗೆ ಹೊಂದಿಸಬೇಕು. ಆದರೆ ಕಾಲು ಚಾಚಿ ಕೂತವರಿಗೆ ಮಣ್ಣು ಕೊಟ್ಟದ್ದು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕ್ರಿಯೆ ಮಾಡಿಸುವ ಅಯ್ಯನವರು ಒಪ್ಪಬೇಕು. ಅವರು ವಯಸ್ಸಾದವರು, ಕಿವಿ ಮಂದ, ಪಕ್ಕದಲ್ಲಿ ಕೂತು ಎರಡೆರಡು ಸಲ ಹೇಳಿದೆ. ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಲಿಂಗ ಯಾವ ಕೈಯಾಗೆ ಇಡ್ತೀಯ?"

"ಎಡಗೈಯಾಗ್ರಿ, ಯಾವತ್ತಿನಂಗ."

"ಮುಖ ಯಾವ ಕಡೆಗೆ?"

"ಅದೂ ಯಾವತ್ತಿನಂಗ."

"ಮತ್ತೆ ನನ್ನ ಕೇಳೋಕೆ ಏನೈತೆ? ಗೂಡು ಉದ್ದ ಮಾಡು ಹೋಗು."

ಹೆಣ ಹೊರುವ ವಿಮಾನಕ್ಕೆ ಮುಂದೊಂದು ಹಲಗೆ ಕಟ್ಟಲು ಹೇಳಿ ನಾನು ಹೊಲಕ್ಕೆ ಹೋದೆ. ಸತ್ತವರ ಪಾದದ ಅಳತೆಯಲ್ಲಿ ಕುಣಿ ಆಗಲೇ ತೋಡಿದ್ದರು. ಇಬ್ಬರು ಕೂಲಿಯವರು ದಂಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಮೇಲೆ ಎರೆಮಣ್ಣು, ಕೆಳಗೆ ಗರಸಿನ ಮಣ್ಣು, ಅದರ ಕೆಳಗೆ ಕಲ್ಲು. ಗೂಡು ಇನ್ನೂ ಉದ್ದವಾಗಬೇಕು, ಮುಂದೆ ಕಾಲಿಗೆ ಕಾಲುವೆಯಂತೆ ತೋಡಬೇಕು ಅಂದೆ. ಅವರಲ್ಲಿ ದೊಡ್ಡವನು ಬೀಡಿ ಆರಿಸಿದ. "ಯಜಮಾನ, ಈ ನೆಲದಾಗೆ ಇನ್ನೊಂದಿಷ್ಟು ತೋಡಿದ್ರೆ ನಮಗೂ ಇಲ್ಲೇ ಜಾಗ ನೋಡ್ಬೇಕಾಗುತ್ತೆ" ಅಂದ. ಅಂದರೂ ಇಳಿದ. ಒಳ್ಳೆಯ ಕೆಲಸಗಾರ. ಆದರೆ ಕಲ್ಲಿಗೆ ಗಡಾರಿ ಜಾರಿ ಅವನ ಪಾದದ ಮೇಲೆ ಬಿತ್ತು. ರಕ್ತ ನೋಡಿ ಜೊತೆಯವನು ಅವನನ್ನು ಸೈಕಲ್ ಮೇಲೆ ಕೂರಿಸಿಕೊಂಡು ದವಾಖಾನೆಗೆ ಹೋದ. ಕುಣಿಯಲ್ಲಿ ನಾನೊಬ್ಬನೇ ಉಳಿದೆ.

ಒಬ್ಬನೇ ತೋಡಬಹುದು. ತೋಡಿದ ಮಣ್ಣನ್ನು ಮೇಲೆ ಹಾಕುವವರು ಬೇಕು. ಪುಟ್ಟಿ ತುಂಬಿಸಿ ತಲೆಯ ಮೇಲೆ ಎತ್ತಿ ಹಿಡಿದರೆ ಅರ್ಧ ಮಣ್ಣು ನನ್ನ ಕಣ್ಣಿಗೇ ಬೀಳುತ್ತಿತ್ತು. ಅಷ್ಟರಲ್ಲಿ ಭಜನೆಯ ಸದ್ದು ಹತ್ತಿರವಾಯಿತು, ಹೆಣ ಬಂದೇಬಿಟ್ಟಿತು. ಇಳಿಸಿಟ್ಟು ಜನ ಕುಣಿಯ ಸುತ್ತ ನಿಂತರು. ಒಬ್ಬರು ಬರ್ರಿ ಅಂದೆ. ಆ ದಾಯಾದಿ ತಮಗೆ ಉಸಿರಿನ ತೊಂದರೆ ಅಂದರು. ಇನ್ನೊಬ್ಬನ ಹೆಂಡತಿ ಬಸುರಿಯಂತೆ, ಬಸುರಿಯ ಗಂಡ ಕುಣಿಗೆ ಇಳಿಯಬಾರದು, ಅದು ಸರಿಯೇ. ಉಳಿದವರು ಅವರಿವರ ಮುಖ ನೋಡಿದರು. ನಾನು ಹಾರೆಗೆ ಆತುಕೊಂಡು ನಿಂತೆ. ಅವತ್ತು ನಿಜವಾಗಿ ಸಾಕಾಗಿತ್ತು. ಇದನ್ನು ಬಿಡುತ್ತೇನೆಂದು ಮಾತು ಕೊಟ್ಟವನು, ಬಿಡಿಸಿದವರ ಊರಲ್ಲೇ ಕುಣಿಯೊಳಗೆ ನಿಂತಿದ್ದೇನಲ್ಲ ಅನ್ನಿಸಿತು.

ಮೇಲಿನಿಂದ ಒಂದು ಅಂಗಿ ದಂಡೆಯ ಮೇಲೆ ಬಿತ್ತು. ಬೀಗರು ಧೋತರ ಎತ್ತಿ ಕಟ್ಟಿ, ಕೈ ಊರಿಕೊಂಡು ಕೆಳಗೆ ಇಳಿದರು.

ಇಬ್ಬರಿಗೇ ಜಾಗ. ನಾನು ಹಾರೆ ಹಾಕಿದೆ, ಅವರು ಪುಟ್ಟಿಗೆ ಮಣ್ಣು ಎಳೆದು ಮೇಲೆ ಕೊಟ್ಟರು. ಹೊಲದ ಮನುಷ್ಯ, ಕೈಗೆ ಕೆಲಸ ಗೊತ್ತಿತ್ತು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ಬೀಗ್ರೇ, ಇದನ್ನ ಯಾರಿಗಾದ್ರೂ ಕಲಿಸೀರಾ?"

"ಕಲಿಸಿಲ್ರಿ. ಯಾರೂ ಬರಂಗಿಲ್ಲ."

"ಒಬ್ರೇ ಇಷ್ಟು ದಿನ."

"ಹ್ಞೂಂ ರೀ."

ಮತ್ತೆ ಅವರು ಮಣ್ಣು ಎಳೆಯತೊಡಗಿದರು. ಕಾಲಿನ ಜಾಗ ಆದ ಮೇಲೆ ಅವರೇ ಅದರಲ್ಲಿ ತಮ್ಮ ಬಲಗಾಲು ಚಾಚಿ ಕೂತು ನೋಡಿದರು. ಮೇಲೆ ನಿಂತವರು ಅಪಶಕುನವೆಂದು ಗುಲ್ಲು ಮಾಡಿದರು. ಬೀಗರು ಎದ್ದು, ನನ್ನ ಕಾಲು ಅಣ್ಣನದಕ್ಕಿಂತ ಗಿಡ್ಡ, ಇನ್ನೊಂದು ಗೇಣು ಬೇಕು ಅಂದರು.

ಮೇಲಿನವರು ಬಟ್ಟೆಯ ಜೋಳಿಗೆಯಲ್ಲಿ ಹೆಣ ಇಳಿಸಿದರು. ನಾನು ಮಗ್ಗುಲಲ್ಲಿ, ಬೀಗರು ಮುಂದೆ. ಬೆನ್ನು ಗೂಡಿನ ಗೋಡೆಗೆ ತಾಗುವಂತೆ ಒತ್ತಿ, ಎಡಗಾಲು ಮಡಚಿ, ಬಲಗಾಲನ್ನು ಅದರ ಜಾಗದಲ್ಲಿ ಇಡಲು ಹೇಳಿದೆ. ಬೀಗರು ಅಣ್ಣನ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದರು. ನಾನು ಒಮ್ಮೆ ತೋರಿಸಿದ್ದೆ, ಜೋರು ಮಾಡಬಾರದೆಂದು. ಅವರು ಜೋರು ಮಾಡಲಿಲ್ಲ. ಕಾಲು ಇಟ್ಟಾದ ಮೇಲೂ ಕೈ ತೆಗೆಯಲಿಲ್ಲ. ಅಯ್ಯನವರು ಮೇಲಿನಿಂದ ಪತ್ರೆ ಹಾಕಲು ಶುರುಮಾಡಿದರು, ಆಗ ನಾನೇ ಅವರ ರಟ್ಟೆ ಹಿಡಿದು ಎಬ್ಬಿಸಿದೆ. ವಿಭೂತಿ ಇಟ್ಟೆವು, ಉಪ್ಪು ತುಂಬಿದೆವು. ಇಬ್ಬರನ್ನೂ ಮೇಲಿನವರು ಕೈ ಹಿಡಿದು ಎಳೆದುಕೊಂಡರು. ಮಣ್ಣಾಯಿತು.

ಪಂಪ್‌ಸೆಟ್ಟಿನಲ್ಲಿ ಸ್ನಾನ ಮಾಡಿ ಚೀಲ ತರಲು ಮನೆಯ ಹಿತ್ತಲಿಗೆ ಹೋದೆ. ಒಲೆಗಳು ಹೊತ್ತಿದ್ದವು. ಸೊಸೆ ಹಿತ್ತಲ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಕುಣಿಯಿಂದ ಬಂದವನ ಕಣ್ಣು ಎಳೆಕೂಸಿನ ಮೇಲೆ ಬೀಳಬಾರದು ಅನ್ನುತ್ತಾರೆ. ನಾನು ಗೋಡೆಯ ಕಡೆ ನೋಡುತ್ತಾ ಚೀಲ ತೆಗೆದುಕೊಂಡೆ.

"ಮಾವ, ದೊಡ್ಡಪ್ಪಗೆ ಕಾಲು ನೋಯಲಿಲ್ಲ ಅಲ್ವಾ?"

"ಇಲ್ಲವ್ವ. ಚಾಚಿಕೊಂಡ ಕುಂತಾನ."

ಕೂಸಿನ ಉಸಿರಿನ ಸದ್ದು ಕೇಳಿಸುತ್ತಿತ್ತು, ನೆಗಡಿಯಾಗಿತ್ತೇನೋ. ನೋಡದೆಯೇ ಬಂದೆ. ಬಸ್ಸಿನಲ್ಲಿ ಪಕ್ಕದ ಸೀಟು ಹರಪನಹಳ್ಳಿಯವರೆಗೂ ಖಾಲಿ ಇತ್ತು. ಜನ ಇರಲಿಲ್ಲವೋ, ಮೈಗೆ ವಾಸನೆ ಉಳಿದಿತ್ತೋ ಗೊತ್ತಿಲ್ಲ. ಕಾಲು ಚಾಚಿಕೊಂಡು ನಿದ್ದೆ ಮಾಡಿದೆ.

ಬೀಗರಿಂದ ಒಳ್ಳೆಯದೂ ಕೆಟ್ಟದ್ದೂ ಸುದ್ದಿ ಬರಲಿಲ್ಲ. ಅಣ್ಣನ ದಿನಕರ್ಮ ಮುಗಿದ ಮೇಲೆ, ಇಂಥ ದಿನ ಕೂಸನ್ನು ಕರೆದುಕೊಂಡು ಬರುತ್ತೇವೆಂದು ಮಾತ್ರ ಫೋನು ಬಂತು. ಹೆಂಡತಿ ಮನೆಯೆಲ್ಲ ಸಾರಿಸಿದಳು, ಗೋಡೆಗೆ ಸುಣ್ಣ ಹೊಡೆಸಿದಳು, ತೊಟ್ಟಿಲಿಗೆ ಹೊಸ ಹಗ್ಗ ತರಿಸಿದಳು.

ಅವರು ಬರುವ ಹಿಂದಿನ ದಿನ ಬೆಳಗ್ಗೆ ಗುಡೇಕೋಟೆಯಿಂದ ಒಬ್ಬಾಕೆ ಬಂದಳು. ಅತ್ತೆ ತೀರಿಕೊಂಡಿದ್ದಾಳೆ, ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ, ಮೈ ಬಿಗಿಯುತ್ತಿದೆ, ಕೂರಿಸುವವರು ಯಾರೂ ಇಲ್ಲ. ಹೊಸಿಲ ಮೇಲೆ ಕೂತು ಹೇಳಿದಳು. ನನ್ನ ಹೆಂಡತಿ ಎದುರಿಗೆ ನಿಂತಳು.

"ನಾಳೆ ಕೂಸು ಬರೋದೈತಿ. ಇವತ್ತ ಹೋದ್ರ ಬೀಗರಿಗೆ ಏನ್ ಹೇಳ್ತೀ?"

ಏನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಆ ಹೆಣ್ಣುಮಗಳು ಒಬ್ಬಳೇ ಗೂಟ ಹೊಡೆದು, ಒಬ್ಬಳೇ ಅತ್ತೆಯನ್ನು ಆನಿಸಿ, ಬಾಗಿಲು ಎಳೆದುಕೊಂಡು ಬಂದಿದ್ದಳು. ಕಾಲು ಮಡಚಿ ಬಂದೀಯೇನವ್ವ ಎಂದು ಕೇಳಿದೆ. ಮಡಚಿದ್ದೇನೆ, ಮಡಚಿದ್ದು ನಿಂತಿಲ್ಲ ಅಂದಳು. ಚೀಲ ತೆಗೆದುಕೊಂಡೆ. ಹೆಂಡತಿ ಒಳಗೆ ಹೋಗಿ ಪಾತ್ರೆ ಬಡಿದಳು. ಗುಡೇಕೋಟೆಯ ನೆಲ ನೆಲವಲ್ಲ, ಬಂಡೆ. ಮುಗಿಸಿ ಬಂದು ಬಿದ್ದುಕೊಂಡವನಿಗೆ ಬೆಳಗ್ಗೆ ಏಳಲು ಗೋಡೆ ಹಿಡಿಯಬೇಕಾಯಿತು.

ನಿನ್ನೆ ಮಧ್ಯಾಹ್ನ ಅವರು ಬಂದರು. ಮಗ ಬಸ್ ಸ್ಟ್ಯಾಂಡಿನಿಂದ ಕರೆತಂದ. ಸೊಸೆಯ ತೋಳಲ್ಲಿ ಕೂಸು, ಬೀಗತಿಯ ಕೈಯಲ್ಲಿ ಹೋಳಿಗೆಯ ಬುಟ್ಟಿ, ಬೀಗರ ಹೆಗಲ ಮೇಲೆ ಟ್ರಂಕು. ಹೆಂಡತಿ ಆರತಿ ತರಲು ಒಳಗೆ ಹೋದಳು. ಗುಡೇಕೋಟೆಗೆ ಹೋದದ್ದನ್ನು ಮುಚ್ಚಿಟ್ಟಿದ್ದರೆ ಅವತ್ತಿನ ದಿನ ಸಾಗುತ್ತಿತ್ತು. ಆದರೆ ನಾಳೆ ಯಾರಾದರೂ ಹೇಳುತ್ತಾರೆ, ಆಮೇಲೆ ಮನೆಗೆ ಬಂದ ಕೂಸನ್ನು ತಿರುಗಿ ಕರೆದುಕೊಂಡು ಹೋಗುವುದನ್ನು ನಾನು ನೋಡಲಾರೆ. ಹೊಸಿಲು ದಾಟುವ ಮೊದಲೇ ಹೇಳಿದೆ.

"ಬೀಗ್ರ, ನಿನ್ನೆ ಒಂದು ಹೆಣ ಕೂರಿಸಿ ಬಂದೀನಿ. ಕೆಲಸ ಬಿಡಾಕ ಆಗಿಲ್ಲ. ನೋಡ್ರಿ, ನಿಮ್ಮ ಮನಸ್ಸಿಗೆ ಹೆಂಗ ಬರ್ತೈತಿ ಹಂಗ."

ಮಗ ನನ್ನನ್ನು ದುರುಗುಟ್ಟಿ ನೋಡಿದ. ಬೀಗತಿ ಬುಟ್ಟಿಯನ್ನು ಎದೆಗೆ ಹಿಡಿದುಕೊಂಡರು. ಬೀಗರು ಟ್ರಂಕನ್ನು ಕೆಳಗಿಳಿಸಿ ಹೆಗಲು ಒರೆಸಿಕೊಂಡರು.

"ಯಾವೂರು?"

"ಗುಡೇಕೋಟೆ."

"ನೆಲ ಗಟ್ಟಿ ಇರ್ಬೇಕು."

"ಬಂಡೆ ರೀ."

"ಮತ್ತೆ ಬೆನ್ನು ಹಿಡ್ಕೊಂಡಿರುತ್ತೆ, ಕೂತ್ಕೊಳ್ಳಿ" ಅಂದರು. "ಎಷ್ಟೊತ್ತು ನಿಂತೇ ಇರ್ತೀರಿ?"

ಅಷ್ಟೇ. ಆರತಿ ಬಂತು. ಸೊಸೆ ಬಲಗಾಲಿಟ್ಟು ಒಳಗೆ ಬಂದಳು, ಯಾರನ್ನೂ ಕೇಳದೆ ನೇರ ನನ್ನ ಮಡಿಲಿಗೆ ಕೂಸನ್ನು ಹಾಕಿದಳು. ನಾನು ಗೋಡೆಗೆ ಆತು ಕೂತಿದ್ದೆ, ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಎಷ್ಟೋ ಕುತ್ತಿಗೆಗಳನ್ನು ಈ ಕೈ ಹಿಡಿದಿದೆ, ತಾನಾಗಿ ತಿರುಗುವ ಕುತ್ತಿಗೆಯನ್ನು ಹಿಡಿದದ್ದು ಮಗ ಹುಟ್ಟಿದಾಗ, ಆಮೇಲೆ ನಿನ್ನೆ. ಕೂಸು ನನ್ನನ್ನು ಒಂದಿಷ್ಟು ಹೊತ್ತು ನೋಡಿ, ಮೀಸೆಗೆ ಕೈ ಹಾಕಿತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಹೆಂಡತಿ ಗಂಡಸರಿಗೆ ಮೊದಲು ಬಡಿಸಿ ಆಮೇಲೆ ಕೂರುತ್ತೇವೆ ಅಂದಳು. ಬೀಗರು ಒಪ್ಪಲಿಲ್ಲ, ಎಲ್ಲರ ತಟ್ಟೆ ಬಂದ ಮೇಲೆಯೇ ತಾವು ಕೈ ಹಾಕುವುದು ಅಂದರು. ಪಡಸಾಲೆಯಲ್ಲಿ ಸುತ್ತಲೂ ಕೂತೆವು, ನಡುವೆ ರೊಟ್ಟಿ, ಬದನೆಕಾಯಿ ಪಲ್ಯ, ಬೀಗತಿ ತಂದ ಹೋಳಿಗೆ, ತುಪ್ಪ. ಬೀಗರು ನನ್ನ ಪಕ್ಕಕ್ಕೇ ಕೂತಿದ್ದರು, ಅವರ ಮಂಡಿ ನನ್ನ ಮಂಡಿಗೆ ತಾಗುತ್ತಿತ್ತು. ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರು. ಹೊಟ್ಟೆ ಸರಿ ಐತೇನ್ರಿ ಎಂದು ನನ್ನ ಹೆಂಡತಿ ಮೆಲ್ಲಗೆ ಕೇಳಿದಳು. ಸೊಸೆ ನಗು ತಡೆಯಲಾರದೆ ಸೆರಗು ಹಿಡಿದುಕೊಂಡಳು. ಬೀಗರು ತಲೆ ಎತ್ತದೆ, "ಸರಿ ಐತೆ ಬೀಗ್ತಿ, ಇನ್ನೊಂದಿಷ್ಟು ಪಲ್ಯ ಹಾಕಿ" ಅಂದರು.